ಅಕ್ಕ ಕೂರುವ ಅಟ್ಟಣಿಗೆ

ನನ್ನ ಗಂಡನಿಗೆ ಇರುವ ಜಂಬ ಒಂದೇ ಒಂದು. ತಾನು ಹಾಕಿದ ಚಪ್ಪರ ಇವತ್ತಿನವರೆಗೆ ಬಿದ್ದದ್ದಿಲ್ಲ ಎನ್ನುವುದು. ದೋಣಿಗೆ ಹೋಗುತ್ತಿದ್ದ ಕಾಲದ ಬಗ್ಗೆಯಾಗಲಿ, ಈಗ ಮಾಡುವ ಬಲೆ ದುರಸ್ತಿಯ ಬಗ್ಗೆಯಾಗಲಿ ಅವರು ಕೊಚ್ಚಿಕೊಂಡದ್ದನ್ನು ನಾನು ಕೇಳಿಲ್ಲ. ಆದರೆ ಯಾರಾದರೂ ಮದುವೆಯ ಸುದ್ದಿ ಎತ್ತಿದರೆ ಮುಗಿಯಿತು. "ಅವ್ರ್ ಮನಿ ಚಪ್ಪರ ನಾನೇ ಹಾಕಿದ್ದ್. ಗಾಳಿ ಬಂತ್, ಮಳೆ ಬಂತ್, ಒಂದ್ ಕಂಬ ಅಲ್ಲಾಡ್ಲಿಲ್ಲೆ" ಎಂದು ಶುರು ಮಾಡುತ್ತಾರೆ. ಕೇಳುವವರು ಹೂಂಗುಟ್ಟುತ್ತಾರೆ. ನಾನು ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತೇನೆ.

ಅವರನ್ನು ಅಂದು ಪ್ರಯೋಜನವಿಲ್ಲ. ಈಗ ಶಾಮಿಯಾನದವರು ಲಾರಿಯಲ್ಲಿ ಕಬ್ಬಿಣದ ಪೈಪು ತಂದು ಮಧ್ಯಾಹ್ನದೊಳಗೆ ಎಲ್ಲವನ್ನೂ ನಿಲ್ಲಿಸಿ ಹೋಗುತ್ತಾರೆ. ಚಪ್ಪರಕ್ಕೆ ಬನ್ನಿ ಎಂದು ನನ್ನ ಗಂಡನನ್ನು ಯಾರೂ ಕರೆಯುವುದಿಲ್ಲ. ಕೈಗೆ ಕೆಲಸ ಇಲ್ಲದಾಗ ಬಾಯಿಗೆ ಕೆಲಸ ಹೆಚ್ಚು.

ಸಾಸ್ತಾನದ ಟೋಲ್‌ಗೇಟಿನ ಹತ್ತಿರ ಹೆದ್ದಾರಿ ಬಿಟ್ಟು ಪಡುವಣಕ್ಕೆ ಇಳಿದರೆ ನಮ್ಮ ಮನೆ ಸಿಗುತ್ತದೆ. ಹಿಂದೆ ಹೊಳೆ. ಅಂಗಳದಿಂದ ಹೊಳೆಯವರೆಗೆ ಇಳಿಜಾರು, ಮೇಲೆಲ್ಲ ಮರಳು. ಇಂಥ ಮರಳಿನಲ್ಲಿ ಚಪ್ಪರದ ಕಂಬ ನಿಲ್ಲಿಸಲು ನಮ್ಮವರಿಗೆ ಒಂದು ಕ್ರಮವಿದೆ. ಹಾರೆಯಲ್ಲಿ ಕುಕ್ಕಿ ಸಡಿಲ ಮಾಡುವುದು, ತೆಂಗಿನ ಗೆರಟೆಯಲ್ಲಿ ಮರಳು ತೋಡುವುದು, ತೋಳು ಮುಳುಗುವಷ್ಟು ಆಳವಾದರೆ ಅಡಿಕೆ ಮರದ ಕಂಬ ಇಳಿಸುವುದು. ಆಮೇಲೆ ತೋಡಿದ ಮರಳನ್ನೇ ತುಂಬಿ ಮೇಲಿನಿಂದ ಕೊಡಪಾನದಲ್ಲಿ ನೀರು ಹೊಯ್ಯುವುದು. ನೀರು ಇಳಿಯುತ್ತಾ ಮರಳನ್ನು ಒತ್ತಿಕೊಂಡು ಹೋಗುತ್ತದೆ, ಕಂಬ ಹಲ್ಲು ಕಚ್ಚಿದ ಹಾಗೆ ನಿಲ್ಲುತ್ತದೆ. ಮೊದಲನೆಯ ಕಂಬಕ್ಕೆ ಮಾವಿನ ಸೊಪ್ಪು ಕಟ್ಟಿದರೆ ಮುಹೂರ್ತವೂ ಆಯಿತು. ಇದರಲ್ಲಿ ನನ್ನ ಗಂಡನನ್ನು ಮೀರಿಸುವವರು ಇರಲಿಲ್ಲ, ಅದು ಮಾತ್ರ ನಿಜ.

ಇನ್ನು ಅಕ್ಕನ ವಿಷಯ. ನಮ್ಮಮ್ಮ ಹೋದಾಗ ನಾನು ಇನ್ನೂ ಜಡೆ ಹಾಕಿಕೊಳ್ಳಲು ಬಾರದವಳು. ನನ್ನ ಜಡೆ ಹಾಕಿದ್ದು, ಕಿವಿ ಹಿಂಡಿದ್ದು, ಶಾಲೆಗೆ ತಳ್ಳಿದ್ದು, ಮದುವೆಗೆ ಸೀರೆ ಆರಿಸಿದ್ದು ಎಲ್ಲ ಅಕ್ಕನೇ. ಅವಳು ಸಾಲಿಗ್ರಾಮದ ಮೀನು ಮಾರುಕಟ್ಟೆಯಲ್ಲಿ ಕೂರುತ್ತಾಳೆ. ಆಳು ದಪ್ಪ, ಸ್ವರ ಅದಕ್ಕಿಂತ ದಪ್ಪ. ಮಧ್ಯಾಹ್ನ ಮೀನು ಮುಗಿದ ಮೇಲೆ ರಿಕ್ಷಾ ಹತ್ತಿ ನೇರ ನಮ್ಮ ಮನೆಗೆ ಬಂದು, ಬುಟ್ಟಿಯ ಅಡಿಯಲ್ಲಿ ನಮಗೆಂದು ಮುಚ್ಚಿಟ್ಟ ಬಂಗುಡೆಯನ್ನು ನನ್ನ ಕೈಗೆ ಕೊಟ್ಟು, ಹಿಂದೆ ಹೊಳೆಗೆ ಮುಖ ಮಾಡಿ ಕೂರುವುದು ಅವಳ ಪದ್ಧತಿ. ಅವಳ ಹಿತ್ತಾಳೆಯ ಕವಳದ ತಟ್ಟೆ ನಮ್ಮ ಮನೆಯಲ್ಲೇ ಇರುತ್ತಿತ್ತು. ಎಲೆಗೆ ಸುಣ್ಣ ಹಚ್ಚುತ್ತಾ ಮಾರುಕಟ್ಟೆಯ ಸುದ್ದಿಯನ್ನೆಲ್ಲ ಒಂದೊಂದಾಗಿ ಬಿಚ್ಚುವಳು. ಯಾರು ಮೀನಿನ ಕಿವಿರು ಎತ್ತಿ ನೋಡಿ ಮೂಗು ಮುರಿದರು, ಅವರಿಗೆ ಇವಳು ಏನು ಹೇಳಿದಳು, ಅವರು ಹೇಗೆ ತೆಪ್ಪಗೆ ತೆಗೆದುಕೊಂಡು ಹೋದರು. ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ನನ್ನ ದಿನದಲ್ಲಿ ನನ್ನದು ಎನ್ನಬಹುದಾದ ಹೊತ್ತು ಅದೊಂದೇ.

ಅಕ್ಕನ ಮೊಣಗಂಟು ಹಾಳಾಯಿತು. ನೆಲದಲ್ಲಿ ಕೂರಬಾರದು ಎಂದರು ಡಾಕ್ಟರು. ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ಮರಳಿನಲ್ಲಿ ಅದರ ಕಾಲು ಹುಗಿದು, ಮಾತಿನ ಮಧ್ಯೆ ಅಕ್ಕ ಮೆಲ್ಲಮೆಲ್ಲನೆ ಗಿಡ್ಡವಾಗುತ್ತಿದ್ದಳು. "ಹೆಣೆ, ನಾನ್ ಹುಗಿತಾ ಇದ್ದೆ, ಎಳಿ" ಎಂದು ಅವಳೇ ನನ್ನನ್ನು ಕೂಗುವಳು. ಆಗ ನನ್ನ ಗಂಡ ಎದ್ದು ನಿಂತು ಘೋಷಣೆ ಮಾಡಿದರು. "ಅತ್ತಿಗೆ, ನಿಮ್ಗೆ ಕೂಕಂಬುಕೆ ನಾನೊಂದ್ ಅಟ್ಟಣಿಗೆ ಮಾಡ್ತೆ. ಅಂಗಳದ ಮಟ್ಟಕ್ಕೇ ಹಲ್ಗೆ. ಹತ್ತೂಕಿಲ್ಲೆ, ಇಳಿಯೂಕಿಲ್ಲೆ."

ಮಾಡಿಯೇ ಬಿಟ್ಟರು. ಇಳಿಜಾರಿನ ಮೇಲೆ ಅಡಿಕೆ ಮರದ ಕಂಬಗಳು, ಅಡ್ಡಕ್ಕೆ ತೊಲೆ, ಮೇಲೆ ಹಲಗೆ, ಅಂಗಳದಿಂದ ಹೊಳೆಯ ಕಡೆಗೆ ಚಾಚಿಕೊಂಡ ಒಂದು ಜಗಲಿ. ಮೊದಲ ಕಂಬಕ್ಕೆ ಮಾವಿನ ಸೊಪ್ಪು ಕಟ್ಟಿದರು. ಮರಳು ತುಂಬಿದರು, ನೀರು ಹೊಯ್ದರು, ಕಂಬಕ್ಕೆ ಭುಜ ಕೊಟ್ಟು ತಳ್ಳಿ ನೋಡಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅಕ್ಕ ಅದರ ಮೇಲೆ ಕಾಲು ಚಾಚಿ ಕೂತು ಹೊಳೆ ನೋಡಿದಳು. ಒಂದು ಬೇಸಿಗೆ ಚೆನ್ನಾಗಿ ಹೋಯಿತು. ಮಳೆಗಾಲವೂ ಹೋಯಿತು.

ಬಿದ್ದದ್ದು ಹೊಸ್ತಿನ ದಿನ. ಹೊಸ ಅಕ್ಕಿ ಉಂಡು ಹಿರಿಯರ ಕಾಲಿಗೆ ಬೀಳುವ ಹಬ್ಬ ಅದು, ನಮ್ಮ ಕಡೆಯ ನೆಂಟರೆಲ್ಲ ಬಂದಿದ್ದರು. ಊಟವಾದ ಮೇಲೆ ಅಕ್ಕ ಕವಳದ ತಟ್ಟೆ ಹಿಡಿದು ಅಟ್ಟಣಿಗೆಯ ಹೊಳೆ ಬದಿಯ ತುದಿಗೆ ಹೋಗಿ ಕೂತಳು. ಕಾಲಿಗೆ ಬೀಳುವವರು ಅಲ್ಲಿಗೇ ಸಾಲಾಗಿ ಹೊರಟರು. ಕಂಬ ಮುರಿದ ಸದ್ದು ಕೂಡ ಬರಲಿಲ್ಲ. ಹೊಳೆ ಬದಿಯ ಕಂಬ ಸುಮ್ಮನೆ ವಾಲಿತು, ಹಲಗೆ ಜಾರುಬಂಡೆಯಾಯಿತು, ಅಕ್ಕ ಕೂತ ಭಂಗಿಯಲ್ಲೇ, ತಟ್ಟೆ ಎದೆಗೆ ಅವಚಿಕೊಂಡು, ಮೆತ್ತಗೆ ಜಾರಿ ಹೋಗಿ ಕೆಸರಿನಲ್ಲಿ ಕೂತಳು. ಒಂದು ಗೀರು ಗಾಯವಿಲ್ಲ. ತಟ್ಟೆಯಿಂದ ಒಂದು ಅಡಿಕೆ ಹೋಳು ಬಿದ್ದಿರಲಿಲ್ಲ.

ಎಲ್ಲರೂ ಓಡಿದರು. "ಅಯ್ಯೋ ಪಾಪ" ಎಂದರು. ಒಬ್ಬರು ನೀರು ತಂದರು, ಒಬ್ಬರು ಬೆನ್ನು ಸವರಿದರು. ನನ್ನ ಗಂಡ ಮುಖ ಬಿಳುಚಿಕೊಂಡು ಕೈ ಕೊಟ್ಟು ಎಬ್ಬಿಸುತ್ತಾ, "ಪ್ರಾಯ ಆಯ್ತಲ್ದಾ ಅತ್ತಿಗೆ, ಒಂಚೂರ್ ಜಾಗ್ರತೆ" ಎಂದರು. ಕಂಬ ಇವರದ್ದು, ಪ್ರಾಯ ಅವಳದ್ದಂತೆ! ನನಗೆ ಮೈಯೆಲ್ಲ ಉರಿಯಿತು, ಆದರೆ ನೆಂಟರ ಎದುರು ಬಾಯಿ ಬಿಗಿ ಹಿಡಿದೆ. ಅಕ್ಕ ಎದ್ದು ಒಳಗೆ ಹೋದಳು. ಸೀರೆ ತೊಳೆದುಕೊಂಡಳು, ಕವಳದ ತಟ್ಟೆಯನ್ನು ಸೆರಗಿನಲ್ಲಿ ಒರೆಸಿದಳು, ಬುಟ್ಟಿಯೊಳಗೆ ಇಟ್ಟುಕೊಂಡಳು, ರಿಕ್ಷಾ ಹತ್ತಿದಳು. ಅಷ್ಟು ವರ್ಷ ನಮ್ಮ ಮನೆಯಲ್ಲಿದ್ದ ತಟ್ಟೆ ಅವಳ ಜೊತೆ ಹೋಯಿತು.

ಮರುದಿನ ಅಕ್ಕ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಂಗುಡೆ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ರಿಕ್ಷಾದವನ ಕೈಯಲ್ಲಿ ಬರುತ್ತಿತ್ತು. ಫೋನು ಮಾಡಿದರೆ, "ಗಿರಾಕಿ ಇದ್ರ್ ಹೆಣೆ, ಮತ್ ಮಾಡ್ತೆ" ಎನ್ನುವಳು. ಮತ್ತೆ ಮಾಡುತ್ತಿರಲಿಲ್ಲ. ಮಧ್ಯಾಹ್ನ ಮೂರಾದರೆ ನಾನು ಸುಮ್ಮನೆ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ, ವಾಲಿದ ಅಟ್ಟಣಿಗೆ ನೋಡುತ್ತಿದ್ದೆ, ಒಳಗೆ ಬಂದು ಯಾರ ಮೇಲಾದರೂ ರೇಗುತ್ತಿದ್ದೆ. ಮನೆಯಲ್ಲಿ ಇದ್ದದ್ದು ಗಂಡ ಒಬ್ಬರೇ ಆದ್ದರಿಂದ ಎಲ್ಲ ಅವರಿಗೇ ಬೀಳುತ್ತಿತ್ತು.

ಕಡೆಗೆ ತಡೆಯಲಾರದೆ ನಾನೇ ಬಸ್ಸು ಹತ್ತಿ ಸಾಲಿಗ್ರಾಮಕ್ಕೆ ಹೋದೆ. ಅಕ್ಕ ಮೀನು ಕೊಚ್ಚುತ್ತಾ ಒಬ್ಬ ಗಿರಾಕಿಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕತ್ತಿ ಕೆಳಗಿಟ್ಟಳು.

"ಎಂತಕೆ ಬತ್ತಿಲ್ಲೆ?" ಎಂದೆ, ಪೀಠಿಕೆಯೇ ಇಲ್ಲದೆ.

"ಕಾಲ್ ನೋವ್."

"ಸುಳ್ಳ್ ಹೇಳ್ಬೇಡ. ಬಿದ್ದದ್ದಕ್ಕೆ ಸಿಟ್ಟಾ?"

"ಬಿದ್ದದ್ದಕ್ಕೆಂತ ಸಿಟ್ಟ್, ಮಾರಾಯ್ತಿ" ಎಂದಳು. ಸ್ವರ ತಗ್ಗಿತ್ತು, ಅವಳ ಸ್ವರ ತಗ್ಗಿದ್ದನ್ನು ನಾನು ಕೇಳಿದ್ದು ಕಡಿಮೆ. "ಅಪ್ಪಯ್ಯ ದೋಣಿಯಿಂದ ಬಿದ್ದ್ ಲುಂಗಿ ಕಳ್ಕಂಡ್ ಬಂದದ್ದಕ್ಕೆ ನಾವ್ ಎಷ್ಟ್ ವರ್ಷ ನಗಾಡಿತ್? ನೀನ್ ಮದಿ ದಿನ ಹೊಸ್ತಿಲ್ ಎಡವಿದ್ದಕ್ಕೆ ಈಗ್ಲೂ ನಗಾಡ್ತ್. ನಮ್ಮನ್ಯಗೆ ಬಿದ್ದವ್ರನ್ನ್ ಕಂಡ್ ನಗಾಡ್ದೆ ಬಿಟ್ಟದ್ದಿತ್ತಾ? ನಾನ್ ಕೆಸ್ರಗೆ ಕೂಕಂಡ್ ಎಲ್ಲರ ಮುಖ ಕಂಡೆ. ಒಬ್ರೂ ನಗಾಡ್ಲಿಲ್ಲೆ. ನೀನೂ ನಗಾಡ್ಲಿಲ್ಲೆ. ನಗಾಡೂಕೂ ಆಗ್ದಷ್ಟ್ ಮುದ್ಕಿ ಆಯ್ನಾ ನಾನ್?"

ಅವಳು ಜಾರಿದ ಆ ಭಂಗಿ, ಆ ತಟ್ಟೆ, ಅದು ನಗಲೇಬೇಕಾದ ದೃಶ್ಯ. ನಾವೆಲ್ಲ ಪಾಪ ಎಂದುಬಿಟ್ಟಿದ್ದೆವು. ಅಕ್ಕನಿಗೆ ತಾಗಿದ್ದು ಆ ಪಾಪ. ನನಗೆ ಅಳು ಬಂತು, ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

"ಅಲ್ಲಾಡ್ದ ಅಟ್ಟಣಿಗೆ ಮಾಡ್ಸ್ತೆ. ನೀನ್ ಬಂದ್ ಕೂಕಣ್ಕ್" ಎಂದೆ, ಮಾರುಕಟ್ಟೆಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

"ನಿನ್ ಗಂಡನ್ ಕಂಬದ್ ಮೇಲಾ? ನಾ ಬತ್ತಿಲ್ಲೆ."

"ಎಂತ ಮಾಡಿದ್ರೆ ಬತ್ತೆ ಹೇಳ್."

ಅಕ್ಕ ಯೋಚಿಸಿದಳು. "ದೋಣಿ ಕಟ್ಟೂ ಗೂಟದ್ ಹಾಂಗೆ ಇರ್ಕ್. ಹಗ್ಗ ಕಟ್ಟಿ ಎಳ್ದ್ ಕಾಂತೆ. ಅಲ್ಲಾಡ್ದೆ ಇದ್ರೆ ಕೂಕಂತೆ. ಅಲ್ಲಾಡಿದ್ರೆ ನಿಮ್ಮನಿ ಹಿಂದಿನ್ ಬದಿಗೆ ಮತ್ತೆ ಕಾಲ್ ಹಾಕ್ತಿಲ್ಲೆ." ಇಷ್ಟು ಹೇಳಿ ಮೀನಿನ ಕತ್ತಿ ಎತ್ತಿಕೊಂಡಳು. ಅಕ್ಕ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವಳಲ್ಲ ಎಂದು ನನಗೂ ಗೊತ್ತು, ಮಾರುಕಟ್ಟೆಗೂ ಗೊತ್ತು.

ಮನೆಗೆ ಬಂದು ಗಂಡನನ್ನು ಎಳೆದುಕೊಂಡು ಹೋಗಿ ವಾಲಿದ ಕಂಬ ಕೀಳಿಸಿದೆ. ಕಂಬದ ಮೇಲಿನ ಭಾಗ ಗಟ್ಟಿಯಾಗಿತ್ತು. ಮರಳೊಳಗೆ ಆಳದಲ್ಲಿದ್ದ ತುದಿಯೂ ಚೆನ್ನಾಗಿಯೇ ಇತ್ತು. ನೆಲದ ಮಟ್ಟದಲ್ಲಿ, ಒದ್ದೆಯೂ ಗಾಳಿಯೂ ಸೇರುವಲ್ಲಿ ಮಾತ್ರ, ಬೆರಳಿಟ್ಟರೆ ಬೆರಳು ಒಳಗೆ ಹೋಗುವಷ್ಟು ಕೊಳೆತು ಕುಂಬಾಗಿತ್ತು. ಉಳಿದ ಕಂಬಗಳೂ ಅದೇ ದಾರಿ ಹಿಡಿದಿದ್ದವು. ಇಳಿಜಾರಿನ ಮರಳನ್ನು ಮಳೆನೀರು ಬೇರೆ ಬುಡದಿಂದ ಎಳೆದುಕೊಂಡು ಹೋಗಿತ್ತು.

"ಹ್ವಾಯ್, ನೀವ್ ಮಾಡಿದ್ದ್ ಅಟ್ಟಣಿಗೆ ಅಲ್ಲ, ಚಪ್ಪರ" ಎಂದೆ. "ನಾಕನೇ ದಿನ ಕೀಳೂ ಚಪ್ಪರ. ನೀವ್ ಹಾಕಿದ್ ಚಪ್ಪರ ಒಂದೂ ಬೀಳ್ಲಿಲ್ಲೆ ಅಂದ್ರೆ, ಬೀಳೂಕೆ ಅದಕ್ಕೆ ಪುರ್ಸೊತ್ತ್ ಎಲ್ಲ್ ಸಿಕ್ಕಿತ್?"

ಅವರ ಮುಖ ನೋಡಲಾಗಲಿಲ್ಲ. ಅಷ್ಟು ಹೇಳಬಾರದಿತ್ತೇನೋ, ಆದರೆ ಹೇಳದೆ ಇರಲೂ ಆಗುತ್ತಿರಲಿಲ್ಲ. ಆ ದಿನ ಅವರು ಮಾತಾಡಲಿಲ್ಲ. ಬಲೆಯ ಮುಂದೆ ಕೂತು ಒಂದೇ ತೂತನ್ನು ಹೊಲಿಯುತ್ತಲೇ ಇದ್ದರು. ನಾನು ಚಾ ಇಟ್ಟರೆ ಕುಡಿದರು, ಲೋಟ ತೊಳೆದಿಟ್ಟರು. ಲೋಟ ತೊಳೆದರೆಂದರೆ ಸಿಟ್ಟು ಜೋರು ಎಂದು ಲೆಕ್ಕ.

ಮರುದಿನ ಬೆಳಿಗ್ಗೆ ಎಲ್ಲಿಗೆ ಎಂದು ಹೇಳದೆ ಬಸ್ಸು ಹತ್ತಿ ಹೋದವರು ಸಂಜೆಗೆ ಪಿಕಪ್ಪಿನಲ್ಲಿ ಬಂದಿಳಿದರು. ಹಿಂದೆ ಕಪ್ಪಗಿನ ಕಂಬಗಳು. ಕೆರಾಡಿಯಲ್ಲಿ ಅವರ ಪರಿಚಯದವರು ಹಳೆಯ ಹಟ್ಟಿ ಕೀಳುತ್ತಿದ್ದರಂತೆ. ದನದ ಗಂಜಲ, ಮಳೆ, ಒರಲೆ ಎಲ್ಲವನ್ನೂ ತಿಂದು ಅರಗಿಸಿಕೊಂಡ ಬೋಗಿ ಎಂಬ ಗಟ್ಟಿ ಮರದ ಕಂಬಗಳು ಅವು. ನಾನು ಉಗುರಿನಿಂದ ಗೀರಿದೆ, ಉಗುರು ಸವೆಯಿತು. "ಹೆಣೆ," ಎಂದರು ಅವರು, ಒಂದು ದಿನದ ಮೌನ ಮುರಿದು, "ಇದನ್ನ್ ನಾಕನೇ ದಿನ ಕೀಳೂಕಾತ್ತಾ ಕಾಣ್." ಅಬ್ಬಾ, ಮಾತಾಡಿದರಲ್ಲ ಎಂದು ನನಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಕಂಬದ ಬುಡಕ್ಕೆ ಗೇರೆಣ್ಣೆ ಬಳಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯನ್ನು ನಮ್ಮಲ್ಲಿ ದೋಣಿಗೆ ಬಳಿಯುತ್ತಾರೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಹಾಗಾಗಿ ಕೈಗೆಲ್ಲ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಂಡು ಕೂತೆವು. ನೆಲದ ಮಟ್ಟ ಬರುವಲ್ಲಿಗೆ ಇವರು ಮತ್ತೆ ಮತ್ತೆ ಬಳಿದರು, ಮಗುವಿಗೆ ಎಣ್ಣೆ ತಿಕ್ಕುವ ಹಾಗೆ. ಬುಡದ ಕಡೆ ಯಾವುದು, ತುದಿಯ ಕಡೆ ಯಾವುದು ಎಂದು ನೋಡಿ ಬುಡವೇ ಕೆಳಗೆ ಬರಬೇಕೆಂದು ಹಟ ಹಿಡಿದರು. ಮರ ತಲೆಕೆಳಗಾಗಿ ನಿಂತರೆ ಮನೆಗೆ ಆಗದು ಎನ್ನುವುದು ಅವರ ನಂಬಿಕೆ. ನಾನು ಬೇಡ ಎನ್ನಲಿಲ್ಲ.

ಗುಂಡಿ ತೋಡುವುದೇ ದೊಡ್ಡ ಕಷ್ಟ. ಮೇಲೆ ಮರಳು, ಕೆಳಗೆ ಚಿಪ್ಪು ಬೆರೆತ ಕಪ್ಪು ಕೆಸರು, ಹೊಳೆಯ ಭರತಕ್ಕೆ ನೀರು ಬೇರೆ ಒಸರುತ್ತಿತ್ತು. ತೋಡಿದಷ್ಟು ಬದಿಯಿಂದ ಕುಸಿಯುತ್ತಿತ್ತು. ಆಗ ಇವರಿಗೆ ಹೊಳೆದದ್ದು ಒಳ್ಳೆಯ ಉಪಾಯ. ಹಳೆಯ ಡಾಂಬರು ಡ್ರಮ್ಮಿನ ಎರಡೂ ಬದಿ ಕತ್ತರಿಸಿ ಕೊಳವೆಯ ಹಾಗೆ ಮಾಡಿ ಗುಂಡಿಗೆ ಇಳಿಸಿದರು. ಒಳಗಿನಿಂದ ತೋಡುತ್ತಾ ಹೋದ ಹಾಗೆ ಡ್ರಮ್ಮು ತಾನೇ ಇಳಿಯಿತು, ಮರಳು ಹೊರಗೇ ನಿಂತಿತು. ನೀರಿಳಿದ ಹೊತ್ತು ನೋಡಿ ತೋಡಿದೆವು. ಒಂದು ಆಳದಲ್ಲಿ ಹಾರೆ ಠಣ್ ಎಂದಿತು, ಕೆಂಪು ಜಂಬಿಟ್ಟಿಗೆಯ ಗಟ್ಟಿ ನೆಲ. "ಸಿಕ್ತ್!" ಎಂದು ಕೂಗಿದರು ಇವರು ಗುಂಡಿಯೊಳಗೆ ತಲೆ ಹಾಕಿಕೊಂಡು, ಕೊಪ್ಪರಿಗೆ ಸಿಕ್ಕವರ ಹಾಗೆ. ಅಲ್ಲಿ ಚಪ್ಪಟೆ ಶಿಲೆಕಲ್ಲು ಇಟ್ಟು, ಅದರ ಮೇಲೆ ಮೊದಲ ಕಂಬ ನಿಲ್ಲಿಸಿ, ಡ್ರಮ್ಮು ಮೇಲೆಳೆಯುತ್ತಾ ಕೆಂಪುಕಲ್ಲಿನ ಪುಡಿ ಮತ್ತು ಜೇಡಿಮಣ್ಣು ತುಂಬಿದೆವು. ಈ ಸಲ ನೀರು ಹೊಯ್ಯುವುದಿಲ್ಲ, ಗುದ್ದಿಯೇ ತುಂಬುವುದು ಎಂದು ನಾನು ಹೇಳಿದ್ದೆ.

ಗುದ್ದಲು ಏನಿದೆ? ಹಾರೆ ಸಪೂರ, ಮಣ್ಣಿಗೆ ತೂತು ಬೀಳುತ್ತದೆ. ಮಾಡಿನ ಅಡಿಯಲ್ಲಿ ನಮ್ಮಮ್ಮನ ಕಾಲದ ಎರಡು ಒನಕೆ ಇದ್ದವು, ತುದಿಗೆ ಕಬ್ಬಿಣದ ಪಟ್ಟಿ ಹೊಡೆದದ್ದು. ಅವಲಕ್ಕಿ ಗುದ್ದುವುದು ನಿಂತ ಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ. ಅಕ್ಕಿ ಗುದ್ದುವ ಒನಕೆಯಲ್ಲಿ ಮಣ್ಣು ಗುದ್ದುವುದೇ ಎಂದು ಕೈ ಹಿಂಜರಿಯಿತು. ಮನಸ್ಸಿನಲ್ಲೇ ಅಮ್ಮನಿಗೆ ಹೇಳಿ ಇಳಿಸಿಕೊಂಡೆ. ನಾನೊಂದು, ಇವರೊಂದು. ಕಂಬದ ಸುತ್ತ ಮಣ್ಣನ್ನು ಬಾಯಿತನಕ ತುಂಬಿ ಮೇಲಿನಿಂದ ಗುದ್ದಿದೆವು, ಮೇಲ್ಭಾಗ ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಅಕ್ಕನಿಗೆ ಫೋನು ಮಾಡಿದೆ. "ಒಂದ್ ಕಂಬ ನಿಂತ್. ಬಂದ್ ಎಳ್ದ್ ಕಾಣ್."

ಅಕ್ಕ ಬಂದಳು. ಎಷ್ಟೋ ಸಮಯದ ಮೇಲೆ ರಿಕ್ಷಾ ನಮ್ಮ ಮನೆಯೆದುರು ನಿಂತಿತು. ಮೀನಿನ ಬುಟ್ಟಿ ಹಿಡಿದುಕೊಂಡೇ ಹಿಂದಕ್ಕೆ ಬಂದು, ತೆಂಗಿನ ಮರದ ಬುಡದಲ್ಲಿ ಅದನ್ನಿಟ್ಟು, ದೋಣಿಯ ಹಗ್ಗವನ್ನು ಕಂಬದ ತಲೆಗೆ ತಾನೇ ಕಟ್ಟಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದಳು. ರಂಪಣಿ ಬಲೆ ಎಳೆದ ಕೈ ಅದು. ಕಂಬದ ತಲೆ ಬೆರಳಿನಷ್ಟು ಅಲ್ಲಾಡಿತು.

"ಅಷ್ಟ್ ಅಲ್ಲಾಡೂದ್ ಸಹಜ ಅತ್ತಿಗೆ" ಎಂದರು ನನ್ನ ಗಂಡ.

"ಹಾಂಗಾರೆ ನಾನ್ ಸಹಜವಾಯ್ ಮನಿಗ್ ಹೋತೆ ಬಾವ" ಎಂದಳು ಅಕ್ಕ, ಬುಟ್ಟಿಗೆ ಕೈ ಹಾಕಿ.

ಈಗ ಹೋದರೆ ಅವಳು ಬರುವುದಿಲ್ಲ. ಏನೂ ತೋಚದೆ ನಾನು ಹಾರೆ ತೆಗೆದುಕೊಂಡು ಗುದ್ದಿದ ಮಣ್ಣನ್ನೆಲ್ಲ ಮತ್ತೆ ಎಬ್ಬಿಸತೊಡಗಿದೆ. ಮೇಲೆ ಕಲ್ಲಿನಂತಿದ್ದ ಮಣ್ಣು ಒಂದು ಗೇಣು ಕೆಳಗೆ ಹೋದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಎಲ್ಲ ತೆಗೆದು ಮತ್ತೆ ತುಂಬಿ ಒನಕೆ ಎತ್ತಿದೆವು. ಗಡಿಬಿಡಿಯಲ್ಲಿ ನನ್ನ ಒನಕೆ ಮೇಲೆ ಹೋಗುವಾಗ ಇವರದ್ದೂ ಮೇಲೆ, ಇಳಿಯುವಾಗ ಎರಡೂ ಒಟ್ಟಿಗೆ ಇಳಿದು ಒಂದಕ್ಕೊಂದು ಫಟ್ ಎಂದು ಹೊಡೆಯುತ್ತಿದ್ದವು. ಇವರು ನನ್ನನ್ನು ಬೈದರು, ನಾನು ಇವರನ್ನು ಬೈದೆ.

ಬುಟ್ಟಿ ಹಿಡಿದು ನಿಂತಿದ್ದ ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಗುದ್ದುವ ತಾಳ ತಪ್ಪಿದರೆ ಅವಳ ಕಿವಿಗೆ ಮರಳು ಬಿದ್ದ ಹಾಗೆ. "ಅಯ್ಯಬ್ಯೆ, ಎಂತ ಗುದ್ದೂದ್ ಅದ್! ಅಮ್ಮನ್ ಒನ್ಕೆ ಮುರೀತ್ರ್ಯಾ ಇಬ್ರೂ ಸೇರಿ?" ಎಂದು ಬುಟ್ಟಿ ಕೆಳಗಿಟ್ಟು ಬಂದು ನನ್ನ ಗಂಡನ ಕೈಯಿಂದ ಒನಕೆ ಕಿತ್ತುಕೊಂಡಳು. "ಬಾವ, ಬದಿಗ್ ನಿಲ್ಲಿ. ಹೆಣೆ, ಮಣ್ಣೆಲ್ಲ ತೆಗಿ. ಇಡೀ ಬುಟ್ಟಿ ಭತ್ತ ಒಟ್ಟಿಗೆ ಒರಳಿಗೆ ಹಾಕ್ತ್ರಾ ಯಾರಾರೂ? ಮುಷ್ಟಿ ಮುಷ್ಟಿ ಹಾಕ್ಕ್. ಹಾಕಿದ್ದ್ ನುಣ್ಣಗಾಯ್ಕ್, ಮತ್ತೆ ಇನ್ನೊಂದ್ ಮುಷ್ಟಿ."

ಇವರು ಮಣ್ಣು ಹಾಕುವವರಾದರು, ನಾವಿಬ್ಬರು ಗುದ್ದುವವರಾದೆವು. ಎದುರು ಬದುರು ನಿಂತೆವು. ಅವಳ ಒನಕೆ ಇಳಿದಾಗ ನನ್ನದು ಮೇಲೆ, ನನ್ನದು ಇಳಿದಾಗ ಅವಳದ್ದು ಮೇಲೆ. ಎಷ್ಟು ವರ್ಷವಾಗಿತ್ತು! ಚಿಕ್ಕಂದಿನಲ್ಲಿ ಒಂದೇ ಒರಳಿಗೆ ಇಬ್ಬರೂ ಅವಲಕ್ಕಿ ಗುದ್ದುತ್ತಿದ್ದಾಗ, ತಾಳ ತಪ್ಪಿದರೆ ಕಾಲಿನಿಂದಲೇ ಒದೆಯುತ್ತಿದ್ದಳು ಅಕ್ಕ. ನಾನು ತಪ್ಪಲಿಲ್ಲ. ಕೈ ಮರೆತಿರಲಿಲ್ಲ. ಮೊಣಗಂಟು ಮಡಚಬೇಕಾಗಿಲ್ಲವಾದ್ದರಿಂದ ಅವಳಿಗೂ ನೋವಿರಲಿಲ್ಲ. ಮಣ್ಣಿನ ಸದ್ದು ಮೊದಲು ಬುಸ್ ಬುಸ್ ಎನ್ನುತ್ತಿದ್ದದ್ದು ಮೆಲ್ಲಗೆ ಧಮ್ ಧಮ್ ಎನ್ನತೊಡಗಿತು. ಅವಳು ಬೆವರುತ್ತಿದ್ದಳು, ನಾನು ಬೆವರುತ್ತಿದ್ದೆ. ಸುಖ ಎಂದರೆ ಅದೇ ಎಂದು ನನಗೆ ಅನಿಸಿತು, ಈಗಲೂ ಅನಿಸುತ್ತದೆ.

ನೆಲದ ಮಟ್ಟ ಬಂದ ಮೇಲೆ ನೀರು ನಿಲ್ಲದಂತೆ ಕಂಬದ ಸುತ್ತ ಜೇಡಿಯ ಸಣ್ಣ ದಿಬ್ಬ ಕಟ್ಟಿ ಒನಕೆಯಿಂದಲೇ ತಟ್ಟಿದಳು. ನನ್ನ ಗಂಡ ಮಾವಿನ ಸೊಪ್ಪು ಹಿಡಿದು ಬಂದರು. "ಅದ್ ಮತ್ತೆ. ಮೊದ್ಲ್ ಎಳ್ದ್ ಕಾಂತೆ" ಎಂದಳು. ಅವಳು ಎಳೆದಳು. ನಾವು ಮೂವರೂ ಎಳೆದೆವು. ಬಲೆ ಒಣಗಿಸುತ್ತಿದ್ದ ನೆರೆಮನೆಯವರನ್ನೂ ಕರೆದು ಎಳೆಸಿದಳು. ಹಗ್ಗ ಕಿರ್ ಎಂದಿತು, ಕಂಬಕ್ಕೆ ಏನೂ ಗೊತ್ತಾಗಲಿಲ್ಲ. ಅಕ್ಕ ಹಗ್ಗ ಬಿಚ್ಚಿ, "ಉಳ್ದದ್ದಕ್ಕೂ ನಾನೇ ಬತ್ತೆ. ನಿಮ್ಮನ್ ನಂಬೂಕಾತಿಲ್ಲೆ" ಎಂದಳು. ಬಂದಳು. ಪ್ರತಿ ಕಂಬಕ್ಕೂ ಮೀನು ಮುಗಿಸಿ ಬಂದು ಗುದ್ದಿ ಹೋದಳು. ಆದರೆ ಕೂರಲಿಲ್ಲ. ಚಾ ಕೂಡ ನಿಂತೇ ಕುಡಿದಳು. ಅಟ್ಟಣಿಗೆ ಪೂರ್ತಿಯಾಗಲಿ ಎಂದಳು.

ಹಳೆಯ ಕಂಬ ಕಿತ್ತ ಗುಂಡಿಗಳು ಬದಿಯಲ್ಲಿ ಹಾಗೇ ಬಾಯಿ ತೆರೆದಿದ್ದವು. ಅವನ್ನು ನನ್ನ ಗಂಡ ತಮ್ಮ ಹಳೆಯ ಕ್ರಮದಲ್ಲೇ ಮುಚ್ಚಿದರು, ಮರಳು ಸುರಿದು ನೀರು ಹೊಯ್ದು. "ಅದನ್ನೂ ಗುದ್ದಿಯೇ ಮುಚ್ಚಿ" ಎಂದೆ. "ಅಲ್ಲ್ ಎಂತ ಕಂಬ ನಿಲ್ಸೂಕಿತ್ತಾ? ಇದಕ್ಕೆ ಇಷ್ಟ್ ಸಾಕ್" ಎಂದರು.

ಆಚಾರಿಯವರು ಬಂದು ತೊಲೆ ಕೂರಿಸಿ ಹಲಗೆ ಬಡಿದು ಕೊಟ್ಟರು. ಹೊಸ್ತಿನ ದಿನ ಬಂದಿದ್ದ ನೆಂಟರನ್ನೇ ನಾನು ಹಟ ಹಿಡಿದು ಮತ್ತೆ ಕರೆಸಿದೆ. ಅವರು ನೋಡಿದ್ದು ಅಕ್ಕ ಬಿದ್ದದ್ದನ್ನು, ಕೂತದ್ದನ್ನೂ ನೋಡಲಿ. ಗೋಳಿಬಜೆ ಕರಿದೆ. ಅಕ್ಕ ಒಗೆದ ಸೀರೆ ಉಟ್ಟು ಬುಟ್ಟಿಯೊಂದಿಗೆ ಬಂದಳು. ಎಲ್ಲರೂ ಅಂಗಳದಲ್ಲಿ ಬಾಯಿ ಮುಚ್ಚಿ ನಿಂತರು. ಅವಳು ಹಲಗೆಯ ಮೇಲೆ ನಡೆದು ಹೊಳೆ ಬದಿಯ ತುದಿಗೇ ಹೋದಳು, ಮೊದಲು ಬಿದ್ದ ಜಾಗಕ್ಕೇ. ತಿರುಗಿದಳು. ಮೆಲ್ಲಗೆ ಕೂರುತ್ತಾಳೆ ಎಂದುಕೊಂಡರೆ, ಇಡೀ ಮೈ ಬಿಟ್ಟು ಧೊಪ್ಪೆಂದು ಕೂತಳು. ಅಟ್ಟಣಿಗೆ ಮಿಸುಕಲಿಲ್ಲ. ಕೆಳಗೆ ಬಗ್ಗಿ ಕಂಬ ನೋಡಿದಳು, ಕಾಲು ಚಾಚಿದಳು, ಆದರೂ ಮುಖ ಸಡಿಲವಾಗಲಿಲ್ಲ. ನೆಂಟರು ದೇವರ ಮುಂದೆ ನಿಂತವರ ಹಾಗೆ ನಿಂತೇ ಇದ್ದರು. ಒಬ್ಬಳು ಮೆಲ್ಲಗೆ, "ಪಾಪ, ಕೂಕಂಡ್ರ್" ಎಂದಳು. ಆ ಪಾಪ ಕೇಳಿ ಅಕ್ಕನ ಹುಬ್ಬು ಗಂಟಾದದ್ದನ್ನು ನಾನು ಕಂಡೆ.

ಆಗ ನನ್ನ ಗಂಡ ಚಾ ತಟ್ಟೆ ಹಿಡಿದು ಗತ್ತಿನಿಂದ ಹೊರಟರು. ನೆಂಟರ ಗುಂಪನ್ನು ಬಳಸಿ ಇಳಿಜಾರಿನ ಬದಿಯಿಂದ ಹೋದರು, ಎಲ್ಲರಿಗೂ ಕಾಣಲಿ ಎಂದು. ಹಳೆಯ ಗುಂಡಿಯ ಮೇಲೆ ಕಾಲಿಟ್ಟರು. ಮರಳು ಬಾಯಿ ತೆರೆಯಿತು. ಒಂದು ಕಾಲು ಮೊಣಗಂಟಿನತನಕ ಒಳಗೆ, ಇನ್ನೊಂದು ಮಡಚಿ ಹೊರಗೆ, ಚಾ ತಟ್ಟೆ ತಲೆಯ ಮೇಲೆ ಎತ್ತಿ ಹಿಡಿದು ಹಾಗೇ ಕೂತುಬಿಟ್ಟರು. ಒಂದು ಲೋಟವೂ ಬೀಳಲಿಲ್ಲ.

ಯಾರೂ ಉಸಿರೆತ್ತಲಿಲ್ಲ. ನನ್ನ ಹೊಟ್ಟೆಯೊಳಗೆ ನಗು ಕುದಿಯುತ್ತಿತ್ತು, ನಾನು ಅಕ್ಕನನ್ನು ನೋಡಿದೆ. ಅಕ್ಕ ಅಟ್ಟಣಿಗೆಯ ಮೇಲಿನಿಂದ ಕುತ್ತಿಗೆ ಚಾಚಿ, ಅಷ್ಟು ಸಮಾಧಾನದಿಂದ, ಅಷ್ಟು ಕನಿಕರದಿಂದ ಹೇಳಿದಳು.

"ಪ್ರಾಯ ಆಯ್ತಲ್ದಾ ಬಾವ, ಒಂಚೂರ್ ಜಾಗ್ರತೆ."

ಮೊದಲು ನಕ್ಕದ್ದು ನನ್ನ ಗಂಡನೇ. ತಲೆಯ ಮೇಲಿನ ಚಾ ತಟ್ಟೆ ಗಲಗಲ ಎನ್ನತೊಡಗಿತು. ಆಮೇಲೆ ನಾನು, ಆಮೇಲೆ ಅಂಗಳವಿಡೀ. ಅಕ್ಕ ಹಲಗೆಗೆ ಬಡಿದು ಬಡಿದು ನಕ್ಕಳು, "ನಾನ್ ಹೀಂಗೇ ಕೂಕಂಡಿದ್ನಾ ಕೆಸ್ರಗೆ? ಹೇಳಿ, ಹೀಂಗೇನಾ?" ಎಂದು ಕೇಳಿದಳು. "ಹೀಂಗೇ ಅಕ್ಕ, ತಟ್ಟೆ ಹಿಡ್ಕಂಡ್ ಹೀಂಗೇ!" ಎಂದು ನೆಂಟರೆಲ್ಲ ಅಭಿನಯ ಮಾಡಿ ತೋರಿಸಿದರು. ಅಷ್ಟು ದಿನ ತಡೆದಿಟ್ಟ ನಗುವೂ ಅವತ್ತೇ ಹೊರಗೆ ಬಂತು. ಅಕ್ಕನ ಕಣ್ಣಲ್ಲಿ ನೀರಿಳಿಯಿತು.

ನಾನು ಹೋಗಿ ಅವಳ ಪಕ್ಕ ಕೂತೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬುಟ್ಟಿಗೆ ಕೈ ಹಾಕಿ, ಹಿತ್ತಾಳೆಯ ಕವಳದ ತಟ್ಟೆ ಹೊರಗೆ ತೆಗೆದಳು. ಎಲೆಗೆ ಸುಣ್ಣ ಹಚ್ಚಿ ಮೊದಲ ಕವಳ ನನಗೆ ಕೊಟ್ಟಳು, ತಾನೊಂದು ಹಾಕಿಕೊಂಡಳು. ಹೊರಡುವ ಹೊತ್ತಿಗೆ ನಾನು ತಟ್ಟೆಯನ್ನು ಒರೆಸಿ ಅವಳ ಬುಟ್ಟಿಗೆ ಇಡಹೋದರೆ ಕೈ ಹಿಡಿದಳು.

"ಅದ್ ಇಲ್ಲೇ ಇರ್ಲಿ ಹೆಣೆ," ಎಂದಳು. "ನಾಳೆ ಬಪ್ಪುಕಿತ್ತಲ್ದಾ."